ಪಟ್ಟದ ಗೊಂಬೆಯ ಬಟ್ಟೆ, ಹೊಲಿಗೆ ಮಿಷನ್‌ಗೆ ಭೂತಗನ್ನಡಿ

ಈ ಸಲದ ದಸರಾಕ್ಕೆ ಪಟ್ಟದ ಗೊಂಬೆ ಜೋಡಿಗೆ ಪೂರ್ತಿ ಹೊಸ ಬಟ್ಟೆ ಹೊಲಿಯಬೇಕು ಅಂತ ಕೂತಿದ್ದೇನೆ. ರಾಜನಿಗೆ ನಿಲುವಂಗಿ, ಪಂಚೆ, ಪೇಟ. ರಾಣಿಗೆ ಸೀರೆ, ರವಿಕೆ. ಗೊಂಬೆಗಳು ಒಂದು ಗೇಣಿಗಿಂತ ಸ್ವಲ್ಪ ಎತ್ತರ, ಅಷ್ಟೇ. ರವಿಕೆಯ ತೋಳು ನನ್ನ ಹೆಬ್ಬೆರಳಿಗೆ ಬಿಗಿಯಾಗುತ್ತದೆ. ಬಟ್ಟೆ ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆಯದು. ಮಡಿಕೆಗಳಲ್ಲಿ ಸೀಳಿಬಿಟ್ಟಿದೆ, ಆದರೆ ಸೆರಗು, ಅಂಚು ಗಟ್ಟಿ. ಮಿಷನ್ನೂ ಅಮ್ಮನದೇ, ಕಾಲಲ್ಲಿ ತುಳಿಯುವ ಕಪ್ಪು ಉಷಾ.

ತೊಂದರೆ ಇರುವುದು ಕಣ್ಣಲ್ಲಿ. ಚಾಳೀಸು ಬಂದು ವರ್ಷಗಳಾದವು. ಕನ್ನಡಕ ಹಾಕಿದರೆ ಪೇಪರ್ ಓದಲು ಏನೂ ಕಷ್ಟವಿಲ್ಲ. ಆದರೆ ಕಡುಗೆಂಪು ಸಿಲ್ಕಿನ ಮೇಲೆ ಕಡುಗೆಂಪು ದಾರ, ಅದೂ ಅಂಚಿನಿಂದ 3 ಮಿಲಿಮೀಟರ್ ಒಳಗೆ ಅಂದರೆ, ಹೊಲಿಗೆ ಬಿದ್ದಿದೆಯೋ ಇಲ್ಲವೋ ಬೆರಳಾಡಿಸಿ ನೋಡಬೇಕಾಗುತ್ತದೆ. ಅದಕ್ಕೇ ಮಿಷನ್‌ಗೆ ಒಂದು ಭೂತಗನ್ನಡಿ ಕೂರಿಸುವ ಕೆಲಸ ಮೊದಲು, ಹೊಲಿಗೆ ಆಮೇಲೆ.

ಜೂನ್

ಮನೆಯಲ್ಲಿದ್ದ ಗಾಜುಗಳನ್ನೆಲ್ಲ ಹರಡಿಕೊಂಡು ಅಳೆದೆ. ಅಳೆಯುವುದು ಬಹಳ ಸುಲಭ. ಕಿಟಕಿಯ ಎದುರಿನ ಗೋಡೆಯ ಹತ್ತಿರ ಗಾಜು ಹಿಡಿದು ಹಿಂದೆ ಮುಂದೆ ಸರಿಸಬೇಕು. ಒಂದು ಜಾಗದಲ್ಲಿ ಹೊರಗಿನ ತೆಂಗಿನಮರ ಗೋಡೆಯ ಮೇಲೆ ತಲೆಕೆಳಗಾಗಿ, ಸ್ಪಷ್ಟವಾಗಿ ಮೂಡುತ್ತದೆ. ಆಗ ಗಾಜಿನಿಂದ ಗೋಡೆಗೆ ಎಷ್ಟು ದೂರವೋ ಅದೇ ಅದರ ಫೋಕಸ್ ದೂರ. 100 ಸೆಂಟಿಮೀಟರನ್ನು ಆ ದೂರದಿಂದ ಭಾಗಿಸಿದರೆ ಡಯಾಪ್ಟರ್, ಅಂದರೆ ಗಾಜಿನ ಬಲದ ಅಳತೆ. 33 ಸೆಂಟಿಮೀಟರ್ ಬಂದರೆ 3 ಡಯಾಪ್ಟರ್, 20 ಬಂದರೆ 5, 10 ಬಂದರೆ 10.

ಡಯಾಪ್ಟರನ್ನು 4ರಿಂದ ಭಾಗಿಸಿ 1 ಕೂಡಿಸಿದರೆ ಸುಮಾರು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಲೆಕ್ಕ ಸಿಗುತ್ತದೆ. 3 ಡಯಾಪ್ಟರ್ ಅಂದರೆ 1.75 ಪಟ್ಟು, 5 ಅಂದರೆ 2.25 ಪಟ್ಟು. ಇಷ್ಟು ಗೊತ್ತಿದ್ದರೆ ಸಾಕು, ಅಂಗೈಯಗಲದ ಗಾಜಿನ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ‘30 ಪಟ್ಟು’ ಅಂತ ಬರೆದಿರುವುದನ್ನು ನೋಡಿ ನಕ್ಕು ಮುಂದೆ ಹೋಗಬಹುದು. ಗಾಜು ಅಗಲವಾದಷ್ಟೂ ಅದರ ಬಲಕ್ಕೆ ಮಿತಿ ಇದೆ.

ಬಲ ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅನ್ನಿಸುತ್ತದೆ. ಮಿಷನ್ ಮುಂದೆ ಕೂತಾಗ ಮಾತ್ರ ಅದರ ಕಷ್ಟ ಗೊತ್ತಾಗುವುದು. 10 ಡಯಾಪ್ಟರ್ ಗಾಜು ಬಟ್ಟೆಯಿಂದ 10 ಸೆಂಟಿಮೀಟರ್ ಒಳಗೇ ಇರಬೇಕು. ಅಷ್ಟರಲ್ಲಿ ಎರಡು ಕೈ ಆಡಬೇಕು, ಬಟ್ಟೆ ಒತ್ತಿಹಿಡಿಯುವ ಫೂಟ್ ಎತ್ತಬೇಕು, ಕತ್ತರಿ ತರಬೇಕು. ಆಗುವುದಿಲ್ಲ. ಕಾಣುವ ಜಾಗವೂ ಚಿಕ್ಕದು. ಸೂಜಿ ಕಾಣುತ್ತದೆ, ಬರುತ್ತಿರುವ ಬಟ್ಟೆ ಕಾಣುವುದಿಲ್ಲ. ಹಾಗಾಗಿ ದೇವರಾಜ ಅರಸು ರಸ್ತೆಯಲ್ಲಿ ಹುಡುಕಿ 3 ಡಯಾಪ್ಟರಿನ ಅಗಲವಾದ ಅಕ್ರಿಲಿಕ್ ಗಾಜು ತಂದೆ. ಎರಡು ಕಣ್ಣಿಗೂ ಒಟ್ಟಿಗೆ ಕಾಣುವಷ್ಟು ಅಗಲ ಬೇಕೇ ಬೇಕು. ಒಂದೇ ಕಣ್ಣಲ್ಲಿ ನೋಡಿದರೆ ಸೂಜಿಗೂ ಬೆರಳಿಗೂ ಎಷ್ಟು ಅಂತರ ಅನ್ನುವ ಅಂದಾಜೇ ಹೋಗುತ್ತದೆ.

ಹಾಳೆಯಂಥ ಫ್ರೆನೆಲ್ ಗಾಜನ್ನೂ ನೋಡಿದೆ. ಹಗುರ, ಅಗ್ಗ. ಅದರ ಉಂಗುರದ ಗೆರೆಗಳು ಸಿಲ್ಕಿನ ಹೊಳಪಿನ ಮೇಲೆ ಕೂತು ಕಣ್ಣು ಕುಕ್ಕುತ್ತವೆ. ಬೇಡ.

ಜುಲೈ

ಕೂರಿಸುವುದು ಎಲ್ಲಿ? ಹಳೇ ಮಿಷನ್‌ನ ತಲೆ ಎರಕದ ಕಬ್ಬಿಣ, ಅದೊಂದು ಅನುಕೂಲ. ಅಯಸ್ಕಾಂತದ ಬುಡ ಸುಮ್ನೆ ಹಾಗೇ ಹಿಡಿದುಕೊಳ್ಳುತ್ತದೆ. ಈಗಿನ ಪ್ಲಾಸ್ಟಿಕ್ ಮೈಯ ಮಿಷನ್‌ಗಳಿಗೆ ಅದು ಅಂಟುವುದಿಲ್ಲ, ಅಂಟು ಟೇಪೋ ಕ್ಲಾಂಪೋ ಬೇಕು. ಬಂಗಾರದ ಬಣ್ಣದ ಚಿತ್ತಾರ ಕೆರೆದುಹೋಗಬಾರದೆಂದು ಬುಡದ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟೆ. ರಬ್ಬರ್ ಇರುವುದರಿಂದ ಜಾರುವುದೂ ಇಲ್ಲ.

ಸೂಜಿಯ ನೇರ ಮೇಲೆ ಗಾಜು ಇಡಲು ಜಾಗವೇ ಇಲ್ಲ, ಅಲ್ಲಿ ಮಿಷನ್‌ನ ಮುಖ ಇದೆ. ಗಾಜು ಸೂಜಿಗೆ ಮುಂದೆ, ನಮ್ಮ ಕಡೆಗೆ ವಾಲಿಕೊಂಡು ನಿಲ್ಲಬೇಕು. ಈಗ ನನ್ನದು ಸೂಜಿಯಿಂದ ಒಂದು ಚೋಟುದ್ದ ದೂರದಲ್ಲಿದೆ. ದಾರ ಮೇಲೆ ಕೆಳಗೆ ಎಳೆಯುವ ಲಿವರಿಗೆ ತಗುಲಬಾರದು, ರೀಲಿನಿಂದ ಬರುವ ದಾರದ ದಾರಿಗೂ ಅಡ್ಡ ಬರಬಾರದು.

ಬುಡಕ್ಕೂ ಗಾಜಿಗೂ ನಡುವಿನ ಬಗ್ಗುವ ಕೊಳವೆ ಉದ್ದ ಇದ್ದಷ್ಟೂ ನಡುಕ ಜಾಸ್ತಿ. ತುಳಿಯಲು ಶುರು ಮಾಡಿದ ತಕ್ಷಣ ಗಾಜು ತೂಗಾಡುತ್ತಿತ್ತು, ಅದರ ಜೊತೆ ಬಟ್ಟೆಯೂ ತೂಗಾಡಿದ ಹಾಗೆ ಕಾಣುತ್ತಿತ್ತು, ತಲೆ ಸುತ್ತು. ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿದ ಮೇಲೆ ಸರಿಹೋಯಿತು. ಗಾಜೂ ಮಿಷನ್ನೂ ಒಟ್ಟಿಗೆ ಅದುರಿದರೆ ಕಣ್ಣಿಗೆ ಅಷ್ಟು ತೊಂದರೆಯಿಲ್ಲ. ಗಾಜು ಬೇರೆ ತಾಳದಲ್ಲಿ ಅದುರಿದರೆ ಕಷ್ಟ.

ಬೆಳಕಿನ ಗೋಳು ಬೇರೆ. ಆಷಾಢದ ಮೋಡ, ಸೋನೆ ಮಳೆ, ಮಧ್ಯಾಹ್ನ ಮೂರಕ್ಕೇ ಮಬ್ಬು. ಗಾಜಿನ ಸುತ್ತ ಇದ್ದ ಎಲ್‌ಇಡಿ ಹಾಕಿದರೆ ಜರಿ ಥಳಥಳ ಅಂದು ಹೊಲಿಗೆಯನ್ನೇ ನುಂಗಿಹಾಕುತ್ತಿತ್ತು. ಜರಿ ಅಂದರೆ ಲೋಹ ತಾನೇ, ನೇರ ಬೆಳಕನ್ನು ಹಾಗೇ ಕಣ್ಣಿಗೆ ವಾಪಸ್ ಕಳಿಸುತ್ತದೆ. ಆ ಉಂಗುರ ಆರಿಸಿ, ಎಡಗಡೆಯಿಂದ ತಗ್ಗಿನಲ್ಲಿ ಒಂದು ಯುಎಸ್‌ಬಿ ದೀಪ ಇಟ್ಟು ಅದಕ್ಕೆ ಬಟರ್ ಪೇಪರ್ ಅಡ್ಡ ಕಟ್ಟಿದೆ. ಬೆಳಕು ಓರೆಯಾಗಿ ಬಿದ್ದಾಗ ಒಂದೊಂದು ಹೊಲಿಗೆಗೂ ಪುಟ್ಟ ನೆರಳು ಬೀಳುತ್ತದೆ. ಕೆಂಪಿನ ಮೇಲಿನ ಕೆಂಪು ಕಂಡಿದ್ದು ಆಗಲೇ. ಗಾಜಿಗಿಂತ ಈ ದೀಪಕ್ಕೇ ಹೆಚ್ಚು ಅಂಕ ಕೊಡುತ್ತೇನೆ.

ಒಂದು ಎಚ್ಚರಿಕೆ. ನನ್ನ ಮಿಷನ್ ಇರುವುದು ಪೂರ್ವದ ಕಿಟಕಿ ಪಕ್ಕ. ಬೆಳಗಿನ ಬಿಸಿಲು ಈ ಗಾಜಿನ ಮೂಲಕ ಬಿದ್ದರೆ ಬಟ್ಟೆ ಸುಡುತ್ತದೆ, ಬೆಂಕಿಯೂ ಹತ್ತಬಹುದು. ಕೆಲಸ ಮುಗಿದ ಕೂಡಲೇ ದಪ್ಪ ಬಟ್ಟೆಯ ಚೀಲ ಹಾಕಿ ಮುಚ್ಚಿಯೇ ಏಳುತ್ತೇನೆ. ಮಳೆಗಾಲ ಅಂತ ಉದಾಸೀನ ಬೇಡ, ಮೈಸೂರಿನ ಮೋಡ ಯಾವಾಗ ಸರಿಯುತ್ತದೆ ಅಂತ ಯಾರು ಹೇಳಬಲ್ಲರು.

ಆಗಸ್ಟ್

ರವಿಕೆ ಆಯಿತು. ಸಿಲ್ಕಿಗೆ 11ನೇ ನಂಬರ್ ಸೂಜಿ. ಪೊಟ್ಟಣದ ಮೇಲೆ 75/11 ಅಂತ ಇರುತ್ತದಲ್ಲ, ಅದರಲ್ಲಿ 75 ಅಂದರೆ ಸೂಜಿಯ ದಪ್ಪ 0.75 ಮಿಲಿಮೀಟರ್. ಮಾಮೂಲಿ ಬಟ್ಟೆಗೆ ಹಾಕುವ 14ನೇ ನಂಬರ್ 0.9. ಬರಿಗಣ್ಣಿಗೆ ಈ ವ್ಯತ್ಯಾಸ ಏನು ಮಹಾ ಅನ್ನಿಸುತ್ತದೆ, ಗಾಜಿನಡಿಯಲ್ಲಿ 14ರ ತೂತು ಸಿಲ್ಕಿನ ಮೇಲೆ ಬಾವಿಯ ಹಾಗೆ ಕಾಣುತ್ತದೆ. ಮೈಸೂರು ಸಿಲ್ಕ್ ಕ್ರೇಪ್, ಎಳೆಗೆ ಹುರಿ ಹೆಚ್ಚು, ಬಟ್ಟೆ ಜಾರುತ್ತದೆ. ಕೆಳಗೆ ತೆಳು ಟಿಶ್ಯೂ ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರೆ ಸುಕ್ಕುವುದಿಲ್ಲ. ನ್ಯೂಸ್ ಪೇಪರ್ ಮಾತ್ರ ಬೇಡ, ಮಸಿ ಹತ್ತುತ್ತದೆ.

ಜರಿಯ ಮೇಲೆ ಸ್ವಲ್ಪ ಹೊತ್ತು ಹೊಲಿದ ಮೇಲೆ ಸೂಜಿ ಮೊಂಡಾಗುತ್ತದೆ. ಮುಂಚೆ ಗೊತ್ತಾಗುತ್ತಿದ್ದದ್ದು ‘ಟಪ್ ಟಪ್’ ಸದ್ದಿನಿಂದ. ಈಗ ಅದಕ್ಕೂ ಮೊದಲೇ ಕಾಣುತ್ತದೆ: ತೂತಿನ ಪಕ್ಕದಲ್ಲಿ ಒಂದೆರಡು ಎಳೆ ಎದ್ದು ನಿಂತಿರುತ್ತದೆ. ಸೂಜಿ ಬದಲಾಯಿಸುತ್ತೇನೆ.

ಹೊಲಿಯುವಾಗ ಗಾಜಿನ ನಡುಭಾಗದಲ್ಲೇ ನೋಡಬೇಕು. ಅಂಚಿನಲ್ಲಿ ನೇರ ಗೆರೆಯೂ ಬಾಗಿ ಕಾಣುತ್ತದೆ, ಅದನ್ನು ನಂಬಿ ಬಟ್ಟೆ ತಿರುಗಿಸಿದರೆ ಹೊಲಿಗೆ ಸೊಟ್ಟ. ನಮ್ಮ ಬೀದಿಯ ಟೈಲರ್ ಬಂದು ನೋಡಿ, ‘ಸೂಜಿ ಯಾಕೆ ನೋಡ್ತೀರಿ, ಫೂಟಿನ ಅಂಚು ನೋಡಿ’ ಅಂದರು. ಮಾತು ಸರಿ. ಸೂಜಿ ದೊಡ್ಡದಾಗಿ ಕಂಡರೆ ಕಣ್ಣು ಅದರ ಕುಣಿತಕ್ಕೇ ಅಂಟಿಕೊಳ್ಳುತ್ತದೆ, ಬೇಗ ದಣಿಯುತ್ತದೆ. ಆದರೆ ಬೈಫೋಕಲ್ ಕನ್ನಡಕದ ಕೆಳಭಾಗದಿಂದ ಗಾಜಿನೊಳಗೆ ನೋಡಲು ಕತ್ತು ಎತ್ತಬೇಕಾಗುವ ನೋವಿಗೆ ಅವರ ಹತ್ತಿರವೂ ಉಪಾಯ ಇರಲಿಲ್ಲ. ಈ ಕೆಲಸಕ್ಕೇ ಅಂತ ಬರೀ ಹತ್ತಿರದ ಪವರಿನ ಕನ್ನಡಕ ಒಂದನ್ನು ಮಿಷನ್ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ನಿಜ ಹೇಳಬೇಕೆಂದರೆ ಉದ್ದುದ್ದ ನೇರ ಹೊಲಿಗೆಗೆ ಈ ಗಾಜು ಬೇಕಿಲ್ಲ, ಪಕ್ಕಕ್ಕೆ ತಿರುಗಿಸಿಡುತ್ತೇನೆ. ಪಂಚೆಯ ಅಂಚನ್ನು ಹಾಗೇ ಹೊಲಿದೆ. ಬೇಕಾಗುವುದು ಸೂಜಿಗೆ ದಾರ ಪೋಣಿಸಲು, ಕೊರಳಿನ ತಿರುವಿನಲ್ಲಿ ಒಂದೊಂದೇ ಹೊಲಿಗೆಯಾಗಿ ಚಕ್ರವನ್ನು ಕೈಯಲ್ಲಿ ತಿರುಗಿಸುವಾಗ, ಮತ್ತೆ ಎಲ್ಲಕ್ಕಿಂತ ಜಾಸ್ತಿ, ಹೊಲಿಗೆ ಬಿಚ್ಚಲು. ಸಿಲ್ಕಿನ ಎಳೆ ಕತ್ತರಿಸದೆ ದಾರ ಮಾತ್ರ ಕತ್ತರಿಸುವುದು ಗಾಜಿಲ್ಲದೆ ನನ್ನಿಂದ ಸಾಧ್ಯವೇ ಇಲ್ಲ.

ಸದ್ಯಕ್ಕೆ ರವಿಕೆ, ಪಂಚೆ ಮುಗಿದಿವೆ. ನಿಲುವಂಗಿಯ ಪಕ್ಕಗಳು ಕೂಡಿವೆ, ಕೊರಳಪಟ್ಟಿ ಬಾಕಿ. ರಾಣಿಯ ಸೀರೆಗೆ ಸೆರಗಿನ ಜರಿಯನ್ನು ಬೇರೆಯಾಗಿ ಕತ್ತರಿಸಿ ಜೋಡಿಸಬೇಕು, ಅದನ್ನು ಸೆಪ್ಟೆಂಬರ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದೇನೆ. ಪೇಟಕ್ಕೆ ಮಿಷನ್ ಬೇಡ, ಕೈಯಲ್ಲೇ ಸುತ್ತುವುದು. ಅದಕ್ಕೆ ಒಪ್ಪುವಷ್ಟು ಸಣ್ಣ ಜರಿ ಪಟ್ಟಿ ಇನ್ನೂ ಸಿಕ್ಕಿಲ್ಲ. ಶಿವರಾಂಪೇಟೆ ಕಡೆ ಒಂದು ಸುತ್ತು ಹಾಕಬೇಕು.