ಗೋಡೆಗೆ ನೇತುಹಾಕಿದ ಬಾನೆಟ್

ನಮ್ಮ ವರ್ಕ್‌ಶಾಪಿನ ಗೋಡೆಯ ಮೇಲೆ ಸುಮಾರು ಎರಡು ವರ್ಷ ಒಂದು ಬಾನೆಟ್ ನೇತಾಡುತ್ತಿತ್ತು. ತಿಳಿ ನೀಲಿ ಬಣ್ಣ, ಮುಖ ಕಾಣುವಷ್ಟು ಪಾಲಿಶ್. ಬಂದವರೆಲ್ಲ ಅಂದಕ್ಕೆ ಹಾಕಿದ್ದಾರೆ ಅಂದುಕೊಳ್ಳುತ್ತಿದ್ದರು. ಕೆಲವರು ಅದರ ಮುಂದೆ ನಿಂತು ಫೋಟೋ ಕೂಡ ತೆಗೆಸಿಕೊಂಡರು. ಅದು ನನ್ನ ತಪ್ಪಿನ ಬಾನೆಟ್ ಅಂತ ಗೊತ್ತಿದ್ದದ್ದು ನನಗೆ, ಪೇಂಟರ್‌ಗೆ ಮತ್ತು ನಮ್ಮ ಟಿಂಕರಿಂಗ್ ಮೇಸ್ತ್ರಿಗೆ ಮಾತ್ರ.

ಹಳೆ ಕಾರುಗಳನ್ನು ಮತ್ತೆ ಮೊದಲಿನ ರೂಪಕ್ಕೆ ತರುವ ವರ್ಕ್‌ಶಾಪ್ ನಮ್ಮದು. ನಾನು ಸ್ಪ್ಯಾನರ್ ಹಿಡಿಯುವವನಲ್ಲ, ಬಿಡಿಭಾಗ ಹುಡುಕುವವನು. ಫೋನು, ಪಾರ್ಟ್ಸ್ ಪುಸ್ತಕ, ಗುಜರಿ, ಟೇಪು. ಎಂಜಿನ್ನಿನ ಭಾಗ ಹುಡುಕುವುದು ಒಂದು ಲೆಕ್ಕದಲ್ಲಿ ಸುಲಭ. ಅಳತೆ ಸರಿ ಇದ್ದರೆ ಕೂರುತ್ತದೆ, ಇಲ್ಲದಿದ್ದರೆ ಇಲ್ಲ. ಬಾಡಿ ಭಾಗ ಹಾಗಲ್ಲ. ಕೂತ ಹಾಗೆ ಕಾಣುತ್ತದೆ, ಆದರೆ ಕೂತಿರುವುದಿಲ್ಲ.

ಆ ಕಾರು ಫೋಕ್ಸ್‌ವ್ಯಾಗನ್ ಬೀಟಲ್. ಎಡ ಮುಂಭಾಗಕ್ಕೆ ಜೋರಾಗಿ ಏಟು ಬಿದ್ದಿತ್ತು. ಎಡಗಡೆ ಫೆಂಡರ್, ಅಂದರೆ ಚಕ್ರದ ಮೇಲಿನ ತಗಡು, ಮುದುಡಿ ಚಕ್ರಕ್ಕೆ ತಾಗಿತ್ತು. ಬಾನೆಟ್ ನಡುವೆ ಮಡಿಚಿಕೊಂಡಿತ್ತು. ಬಾನೆಟ್ ಕೆಳಗಿನ ತಗಡು, ಅಂದರೆ ಏಪ್ರನ್, ಒಳಕ್ಕೆ ನುಗ್ಗಿತ್ತು. ಬಂಪರ್ ಅಪಘಾತವಾದ ಜಾಗದಲ್ಲೇ ಉಳಿದುಹೋಗಿತ್ತು. ಮಾಲೀಕರು, "1966ರ ಕಾರು ಸಾರ್, ಪೇಪರ್ ಎಲ್ಲ ಪಕ್ಕಾ ಇದೆ" ಅಂದರು. ನಾನು ಹಿಂದಿನ ಸೀಟು ಎತ್ತಿ ನೋಡಿದೆ. ಬೀಟಲ್‌ನ ಚಾಸಿ ನಂಬರ್ ಅಲ್ಲೇ ನಡುವಿನ ಉಬ್ಬಿನ ಮೇಲೆ ಒತ್ತಿರುತ್ತದೆ. 1965ರ ಮಾಡೆಲ್‌ನಿಂದ ಆ ನಂಬರಿನ ಮೂರನೇ ಅಂಕಿಯೇ ವರ್ಷ ಹೇಳುತ್ತದೆ. ಇದು 116 ಅಂತ ಶುರುವಾಗಿತ್ತು. ಅಂದರೆ 1966ರ ಮಾಡೆಲ್. ಬಲಗಡೆ ಉಳಿದಿದ್ದ ಫೆಂಡರ್‌ನಲ್ಲಿ ಹೆಡ್‌ಲೈಟ್ ಹಿಂದಕ್ಕೆ ವಾಲಿಕೊಂಡಿತ್ತು, ಮೇಲೆ ಗಾಜಿನ ಮುಚ್ಚಳ. ಅದೂ ಹಳೆ ಮಾಡೆಲ್ಲಿನ ಗುರುತೇ. ಪೇಪರ್, ನಂಬರ್, ಫೆಂಡರ್, ಮೂರೂ ಒಂದೇ ಮಾತು ಹೇಳಿದವು. ಇನ್ನೇನು ಬೇಕು ಅಲ್ವಾ?

ಬೀಟಲ್ ಆಗಿದ್ದರಿಂದ ನನಗೆ ಧೈರ್ಯವೂ ಜಾಸ್ತಿ ಇತ್ತು. ಒಟ್ಟು ಎರಡು ಕೋಟಿ ಹದಿನೈದು ಲಕ್ಷಕ್ಕಿಂತ ಹೆಚ್ಚು ತಯಾರಾದ ಕಾರು ಅದು. ಜರ್ಮನಿಯಲ್ಲಿ 1978ರಲ್ಲಿ ನಿಂತ ಮೇಲೂ ಮೆಕ್ಸಿಕೋದಲ್ಲಿ 2003ರ ಜುಲೈವರೆಗೆ ಬರುತ್ತಲೇ ಇತ್ತು. ಹೊಸ ಭಾಗ, ಹಳೆ ಭಾಗ, ಬೇರೆಯವರು ನಕಲು ಒತ್ತಿದ ಭಾಗ, ಯಾವುದಕ್ಕೂ ಬರವಿಲ್ಲ. ಅಪರೂಪದ ಕಾರಾಗಿದ್ದರೆ ನಾನು ಹತ್ತು ಸಲ ಅಳೆಯುತ್ತಿದ್ದೆ. ಸುಲಭಕ್ಕೆ ಸಿಗುತ್ತದೆ ಅನ್ನುವ ಕಾರಣಕ್ಕೇ ಒಂದು ಸಲವೂ ಅಳೆಯಲಿಲ್ಲ.

ಒಳ್ಳೆಯ ಬಾನೆಟ್ ಒಂದು ವಾರದಲ್ಲೇ ಸಿಕ್ಕಿತು. ತುಕ್ಕಿಲ್ಲ, ಗುಳಿ ಮುಚ್ಚಲು ಮೆತ್ತಿದ ಪುಟ್ಟಿ ಇಲ್ಲ. ಪೇಂಟರ್ ಆ ವಾರ ಖಾಲಿ ಕೂತಿದ್ದ. ಏಪ್ರನ್ ಕೆಲಸ ಇನ್ನೂ ಮುಗಿದಿರಲಿಲ್ಲ. "ಬಾನೆಟ್ ಆದ್ರೂ ಮುಗಿಸಿಬಿಡು" ಅಂದೆ. ಮೇಸ್ತ್ರಿ ದೂರದಿಂದಲೇ ಕೂಗಿದರು: "ಕೂರಿಸಿ ನೋಡಿದೆಯೇನೋ?" ನಾನು ಕೇಳಿಸದ ಹಾಗೆ ಇದ್ದೆ.

ಹತ್ತು ದಿನದ ಮೇಲೆ ಏಪ್ರನ್ ನೇರವಾಯಿತು. ಬಾನೆಟ್ಟನ್ನು ಹಿಂಜ್‌ಗೆ ಬಿಗಿದು ನಿಧಾನವಾಗಿ ಇಳಿಸಿದೆವು. ಮೇಲುಗಡೆ ಅಂಚು ಚೆನ್ನಾಗಿ ಕೂತಿತು. ಪಕ್ಕದ ಅಂಚುಗಳೂ ಸರಿ. ಕೆಳತುದಿ ಮಾತ್ರ ಏಪ್ರನ್ ಮೇಲೆ ಹತ್ತಿ ನಿಂತಿತು. ಲಾಕ್ ಒಂದು ಕಡೆ, ಅದರ ಕೊಕ್ಕೆ ಇನ್ನೊಂದು ಕಡೆ. ಇಬ್ಬರು ಒತ್ತಿ ನೋಡಿದರು. ಮೇಸ್ತ್ರಿ ಒತ್ತಲು ಬರಲಿಲ್ಲ. ಸುಮ್ನೆ ಬಲಗಡೆಗೆ ಹೋಗಿ, ಬಾಗಿಲ ಮುಂದಿನ ತಗಡಿನಲ್ಲಿದ್ದ ಒಂದು ಪುಟ್ಟ ಮುಚ್ಚಳವನ್ನು ಬೆರಳಿನಿಂದ ತಟ್ಟಿದರು.

ಪೆಟ್ರೋಲ್ ಹಾಕುವ ಮುಚ್ಚಳ.

1967ರ ಆಗಸ್ಟ್‌ನಲ್ಲಿ, ಅಂದರೆ 1968ರ ಮಾಡೆಲ್ ವರ್ಷಕ್ಕೆ, ಬೀಟಲ್‌ನ ಮುಂಭಾಗ ಬಹಳ ಬದಲಾಯಿತು. 1200 ಅನ್ನುವ ಅಗ್ಗದ ಬೀಟಲ್‌ನಲ್ಲಿ ಕೆಲವು ಬದಲಾವಣೆ ತಡವಾಗಿ ಬಂದವು, ಅದು ಬೇರೆ ಮಾತು. ಬಂಪರ್ ಎತ್ತರಕ್ಕೆ ಹೋಯಿತು. ಅದಕ್ಕೆ ಜಾಗ ಬೇಕಲ್ಲ, ಬಾನೆಟ್ಟಿನ ಕೆಳತುದಿ ಗಿಡ್ಡವಾಯಿತು, ಏಪ್ರನ್ ಅದಕ್ಕೆ ತಕ್ಕ ಹಾಗೆ ಬದಲಾಯಿತು. ಹೆಡ್‌ಲೈಟ್ ನೆಟ್ಟಗೆ ನಿಂತಿತು. ಗಾಳಿ ಒಳಗೆ ಬರಲು ವಿಂಡ್‌ಶೀಲ್ಡ್ ಮುಂದೆ ಸೀಳುಗಳು ಬಂದವು. ಅಲ್ಲಿಯವರೆಗೆ ಬಾನೆಟ್ ಎತ್ತಿ ಪೆಟ್ರೋಲ್ ಹಾಕಬೇಕಿತ್ತು. ಬೀಟಲ್‌ನಲ್ಲಿ ಎಂಜಿನ್ ಹಿಂದೆ, ಟ್ಯಾಂಕು ಮುಂದೆ. ಈ ಬದಲಾವಣೆಯ ಜೊತೆ ಪೆಟ್ರೋಲ್ ಹಾಕುವ ಬಾಯಿ ಬಲಗಡೆ ಹೊರಗೆ ಬಂತು.

ನಮ್ಮ ಮುಂದೆ ನಿಂತಿದ್ದದ್ದು ಹೊಸ ಥರದ ಬಾಡಿ. ಮುಚ್ಚಳ ಇತ್ತು, ಸೀಳುಗಳಿದ್ದವು. ನಾನು ಆ ಕಾರಿನ ಸುತ್ತ ಒಂದು ತಿಂಗಳು ಓಡಾಡಿದ್ದೆ. ಒಂದು ದಿನ ಅದೇ ಮುಚ್ಚಳದ ಮೇಲೆ ಟೀ ಲೋಟ ಇಡಲು ಹೋಗಿ, ಜಾರುತ್ತದೆ ಅಂತ ತೆಗೆದೂ ಇದ್ದೆ!

ಹಾಗಾದರೆ ನಂಬರ್ ಸುಳ್ಳೇ? ಅಲ್ಲ. ಬೀಟಲ್‌ನ ತಳ ಬೇರೆ, ಮೇಲಿನ ಬಾಡಿ ಬೇರೆ. ಎರಡನ್ನೂ ಬೋಲ್ಟ್ ಹಾಕಿ ಸೇರಿಸಿರುತ್ತಾರೆ. ನಂಬರ್ ಒತ್ತಿರುವುದು ತಳದ ಮೇಲೆ. ಯಾವ ಕಾಲದಲ್ಲೋ ಯಾರೋ 1966ರ ತಳಕ್ಕೆ ನಂತರದ ಬಾಡಿ ಕೂರಿಸಿದ್ದರು. ಆಮೇಲೆ ವಾಲಿದ ಹೆಡ್‌ಲೈಟ್ ಚೆಂದ ಅಂತ ಹಳೆ ಫೆಂಡರ್ ಹಾಕಿದ್ದರು. ಫೆಂಡರ್ ಬೋಲ್ಟಿನ ಮೇಲೆ ನಿಲ್ಲುವ ಭಾಗ, ಹಾಗೆ ಹಾಕುವವರು ಬಹಳ ಜನ ಇದ್ದಾರೆ. ಬಲ ಫೆಂಡರ್ ಬಿಚ್ಚಿದಾಗ ಬಂಪರ್ ಬ್ರಾಕೆಟ್ ಹಾಯುವ ಕಿಂಡಿಯನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿದ್ದು ಕಂಡಿತು. ಮೊದಲ ದಿನವೇ ಬಗ್ಗಿ ನೋಡಿದ್ದರೆ ಅದೊಂದೇ ಸಾಕಿತ್ತು.

ಬಣ್ಣ ಹಚ್ಚಿದ ಭಾಗವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಬಾನೆಟ್ ಗೋಡೆ ಹತ್ತಿತು. ದುಡ್ಡು ವರ್ಕ್‌ಶಾಪಿನದು ಹೋಯಿತು, ಮಾಲೀಕರದ್ದಲ್ಲ. ಆದರೆ ಅವರಿಗೆ ವಿಷಯ ಹೇಳುವ ಕೆಲಸ ನನಗೇ ಬಂತು. "ಸಾರ್, ನಿಮ್ಮದು ಒಂದು ಕಾರಲ್ಲ, ಎರಡು" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾರನ್ನು ಮೂವತ್ತು ವರ್ಷ ಪ್ರೀತಿಯಿಂದ ಇಟ್ಟುಕೊಂಡವರು. ಬಾನೆಟ್ ತಪ್ಪಿದ್ದಕ್ಕಿಂತ ಇದನ್ನು ಹೇಳುವುದೇ ನನಗೆ ಕಷ್ಟವಾಯಿತು.

ಎರಡು ದಾರಿ ಇತ್ತು. ಏಪ್ರನ್ ಕತ್ತರಿಸಿ ಹಳೆಯದನ್ನು ವೆಲ್ಡ್ ಮಾಡಿ ಈ ಉದ್ದದ ಬಾನೆಟ್ಟನ್ನೇ ಕೂರಿಸುವುದು. ಇಲ್ಲವೇ ಗಿಡ್ಡ ಬಾನೆಟ್ ಹುಡುಕುವುದು. ಮೊದಲನೆಯದು ನನ್ನ ಮಾನ ಉಳಿಸುವ ದಾರಿ. ಆದರೆ ನೇರವಾಗಿ ನಿಂತ ಏಪ್ರನ್ನನ್ನು ನಾಲ್ಕು ಬೋಲ್ಟಿನ ಬಾನೆಟ್‌ಗೋಸ್ಕರ ಕೀಳುವುದು ಹುಚ್ಚುತನ. ಬೋಲ್ಟಿನಲ್ಲಿ ನಿಲ್ಲುವ ಭಾಗವನ್ನು ಬದಲಿಸು, ವೆಲ್ಡ್ ಆಗಿರುವುದನ್ನು ಆದಷ್ಟು ಉಳಿಸು ಅಂತ ಮೇಸ್ತ್ರಿ ಯಾವಾಗಲೂ ಹೇಳುತ್ತಾರೆ. ಹಾಗೇ ಮಾಡಿದೆವು.

ಎರಡನೇ ಸಲ ಹುಡುಕಿದ ರೀತಿಯೇ ಬೇರೆ. ಬರೀ "1968 ಬೀಟಲ್ ಬಾನೆಟ್" ಅಂತ ಕೇಳಿದರೆ ಸಾಲದು. 1970ರ ಆಗಸ್ಟ್‌ನಲ್ಲಿ ಬಂದ 1302 ಅನ್ನುವ ಬೀಟಲ್‌ನ ಮೂತಿಯೇ ಬೇರೆ ಆಕಾರ. 1972ರ ಆಗಸ್ಟ್‌ನ 1303ರಲ್ಲಿ ವಿಂಡ್‌ಶೀಲ್ಡ್ ಬಾಗಿ ಬಂದು ಬಾನೆಟ್ ಮತ್ತೆ ಬದಲಾಯಿತು. ಮಾರುವವರಿಗೆ ಇವೆಲ್ಲ ಒಂದೇ, "ಬೀಟಲ್ದು". ಅವರ ತಪ್ಪೇನಿಲ್ಲ, ಗುಜರಿಯಲ್ಲಿ ನೂರು ಥರ ಸಾಮಾನು ಇರುತ್ತದೆ. ಹಾಗಾಗಿ ನಾನು ಹೆಸರು ಬಿಟ್ಟು ಅಳತೆ ಕೇಳತೊಡಗಿದೆ. ಮಡಿಚಿದ್ದ ಹಳೆ ಬಾನೆಟ್ಟನ್ನು ಮೇಸ್ತ್ರಿ ಸುಮಾರಾಗಿ ತಟ್ಟಿ ಬಿಡಿಸಿಕೊಟ್ಟರು. ಅದರ ಕೆಳತುದಿಗೆ ರಟ್ಟು ಇಟ್ಟು ಗುರುತು ಹಾಕಿ ಕತ್ತರಿಸಿಕೊಂಡೆ. ಹಿಂಜ್ ತೂತಿನಿಂದ ಲಾಕಿನ ತನಕ ಟೇಪು ಹಿಡಿದು ಫೋಟೋ ಕಳಿಸಿ ಅಂತ ಮಾರುವವರನ್ನು ಕೇಳಿದೆ. ಅರ್ಧ ಜನ ಉತ್ತರವನ್ನೇ ಕೊಡಲಿಲ್ಲ. ಉಳಿದ ಅರ್ಧ ಜನ ನಂಬಿಕೆಗೆ ಯೋಗ್ಯರು ಅಂತ ತಿಳಿದದ್ದು ಅದೇ ದಾರಿಯಲ್ಲಿ.

ಪಾರ್ಟ್ ನಂಬರ್ ಇದ್ದರೆ ಅರ್ಧ ಜಗಳ ತಪ್ಪುತ್ತದೆ. ಫೋಕ್ಸ್‌ವ್ಯಾಗನ್ ನಂಬರಿನಲ್ಲಿ ಮೊದಲ ಮೂರು ಅಂಕಿ ಯಾವ ಕಾರು ಅಂತ ಹೇಳುತ್ತದೆ. ನಡುವಿನ ಮೂರು ಯಾವ ಭಾಗ ಅಂತ: 821 ಮುಂದಿನ ಫೆಂಡರ್, 823 ಬಾನೆಟ್. ಜೋಡಿ ಭಾಗಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಬೆಸ ಸಂಖ್ಯೆ ಇದ್ದರೆ ಎಡ, ಸಮ ಇದ್ದರೆ ಬಲ. ಬಾಲದಲ್ಲಿ ಒಂದು ಅಕ್ಷರ ಇದ್ದರೆ ಮಧ್ಯೆ ಏನೋ ಬದಲಾಗಿದೆ ಅಂತ ಅರ್ಥ. ಆ ಅಕ್ಷರವನ್ನು ಫೋನಿನಲ್ಲಿ ಹೇಳಲು ಮರೆಯುವವರೇ ಜಾಸ್ತಿ.

ಎಡ ಬಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾರಿನ ಎಡ ಅಂದರೆ ಸೀಟಿನಲ್ಲಿ ಕೂತಾಗ ನಮ್ಮ ಎಡ. ಕಾರಿನ ಮುಂದೆ ನಿಂತು ಫೋಟೋ ತೆಗೆದವರಿಗೆ ಅದು ಬಲ. "ಡ್ರೈವರ್ ಸೈಡ್" ಅನ್ನುವುದಂತೂ ಬೇಡವೇ ಬೇಡ, ಸ್ಟೀರಿಂಗ್ ಯಾವ ಕಡೆ ಅನ್ನುವುದು ದೇಶಕ್ಕೊಂದು ಥರ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಬಲಗಡೆ ಬಾಗಿಲು ತರಿಸಿದ್ದೆ. ಆ ಕಥೆ ಇನ್ನೊಮ್ಮೆ.

ಗಿಡ್ಡ ಬಾನೆಟ್ ಕೊನೆಗೆ ಸಿಕ್ಕಿದ್ದು ಹಿಂದಿನಿಂದ ಗುದ್ದಿಸಿಕೊಂಡ ಒಂದು ಕಾರಿನಲ್ಲಿ. ಹಿಂಭಾಗ ಪೂರ್ತಿ ನುಜ್ಜುಗುಜ್ಜು, ಮೂತಿಗೆ ಗೀರೂ ಇಲ್ಲ. ಮುಂಭಾಗ ಬೇಕಾದರೆ ಹಿಂದೆ ಏಟು ತಿಂದ ಕಾರು ಹುಡುಕಬೇಕು. ಹೇಳಿದ ಮೇಲೆ ಇಷ್ಟೇನಾ ಅನಿಸುತ್ತದೆ. ಆದರೆ ನಾವೆಲ್ಲ ಗುಜರಿಗೆ ಹೋದಾಗ ಚೆನ್ನಾಗಿ ಕಾಣುವ ಕಾರಿನ ಕಡೆಗೇ ನಡೆಯುತ್ತೇವೆ.

ಈ ಸಲ ಆಯಸ್ಕಾಂತ ತೆಗೆದುಕೊಂಡು ಹೋಗಿದ್ದೆ. ಬಣ್ಣದ ಕೆಳಗೆ ಪುಟ್ಟಿ ದಪ್ಪ ಇದ್ದರೆ ಅದರ ಹಿಡಿತ ಸಡಿಲವಾಗುತ್ತದೆ. ಅಂಚುಗಳಲ್ಲಿ ತಗಡು ಎರಡು ಪದರ ಮಡಿಚಿರುತ್ತದೆ, ನೀರು ನಿಂತು ಒಳಗಿನಿಂದ ಕೊಳೆಯುವುದೂ ಅಲ್ಲೇ. ಹಾಗಾಗಿ ಮಧ್ಯಕ್ಕಿಂತ ಅಂಚನ್ನು ಮೊದಲು ನೋಡುತ್ತೇನೆ. ಮತ್ತೆ, ಆಯಸ್ಕಾಂತ ಹಿಡಿಯಲಿಲ್ಲ ಅಂದ ತಕ್ಷಣ ಬೈದು ಬರಬೇಡಿ. ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮೊದಮೊದಲ ಬಾನೆಟ್‌ಗಳು ಅಲ್ಯೂಮಿನಿಯಮ್, ಆಮೇಲೆ ಉಕ್ಕಿನವು ಬಂದವು. ಒಬ್ಬರು ಅಂಥ ಅಸಲಿ ಬಾನೆಟ್ಟನ್ನು "ಪೂರ್ತಿ ಪುಟ್ಟಿ" ಅಂತ ಬಿಟ್ಟು ಬಂದದ್ದು ನನಗೆ ಗೊತ್ತು.

ಫೆಂಡರ್ ಮಾತ್ರ ಹೊಸದೇ ತಂದೆವು. ಮಾಲೀಕರಿಗೆ ವಾಲಿದ ಹೆಡ್‌ಲೈಟೇ ಬೇಕಿತ್ತು, ಯಾರದೋ ಆಸೆ ಈಗ ಅವರದ್ದೂ ಆಗಿತ್ತು. ಅದು ನಕಲು ಒತ್ತಿದ ಭಾಗ. ಕಪ್ಪು ಬಣ್ಣ ಬಳಿದು ಬಂದಿತ್ತು. ಆ ಕಪ್ಪನ್ನು ಪ್ರೈಮರ್ ಅಂತ ನಂಬಿ ಅದರ ಮೇಲೆ ಬಣ್ಣ ಹೊಡೆಯುವವರಿದ್ದಾರೆ. ಬಹಳ ಸಲ ಅದು ದಾರಿಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಬಳಿದದ್ದು ಅಷ್ಟೇ, ಉಗುರಿನಿಂದ ಕೆರೆದರೂ ಬರುತ್ತದೆ. ತಗಡು ಹಳೆಯದಕ್ಕಿಂತ ತೆಳ್ಳಗಿತ್ತು. ಎರಡನ್ನೂ ಕೈಯಲ್ಲಿ ಎತ್ತಿ ನೋಡಿದರೇ ಗೊತ್ತಾಗುತ್ತಿತ್ತು. ಹೆಡ್‌ಲೈಟ್ ರಿಂಗ್ ಇಟ್ಟರೆ ಒಂದು ಕಡೆ ಕಾಗದ ತೂರುವಷ್ಟು ಸಂದು. ಮೇಸ್ತ್ರಿ ಎರಡು ದಿನ ಅದಕ್ಕೇ ತಟ್ಟುತ್ತಾ ಕೂತರು.

ನಕಲು ಭಾಗ ಅಂತಲೇ ಹೀಗೆ ಅಂದುಕೊಳ್ಳಬೇಡಿ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಕಾರ್ಖಾನೆಯ ಮೂಲ ಅಚ್ಚುಗಳಿಂದ ಮತ್ತೆ ಒತ್ತಿ ಮಾರುತ್ತಿದೆ. ಅಷ್ಟು ಒಳ್ಳೆಯ ಭಾಗ ತಂದರೂ ಬಾಗಿಲಿನ ಗ್ಯಾಪ್ ಕೈಯಿಂದಲೇ ಸರಿ ಮಾಡಬೇಕಾಗುತ್ತದೆ. ಹಳೆ ಕಾಲದಲ್ಲಿ ಕಾರ್ಖಾನೆಯೊಳಗೂ ಸುತ್ತಿಗೆ ಹಿಡಿದ ಒಬ್ಬ ಮೇಸ್ತ್ರಿ ನಿಂತಿರುತ್ತಿದ್ದ, ನಾವು ಅದನ್ನು ಮರೆತು ಮಾರಿದವರನ್ನು ಬೈಯುತ್ತೇವೆ. ಹಳೆ ಫೆಂಡರ್ ಬರೀ ಸೊಟ್ಟಗಾಗಿದ್ದು, ಹರಿದಿಲ್ಲ, ಕೊಳೆತಿಲ್ಲ ಅಂದರೆ ನಾನು ಈಗ ಹೊಸದನ್ನು ಹುಡುಕುವುದೇ ಇಲ್ಲ. ಆ ಕಾರಿನ ಮೇಲೆ ಒಮ್ಮೆ ಸರಿಯಾಗಿ ಕೂತಿದ್ದ ತಗಡು ಅದು. ಮೇಸ್ತ್ರಿಗೆ ಒಪ್ಪಿಸಿಬಿಡುತ್ತೇನೆ.

ಎಲ್ಲವನ್ನೂ ಪ್ರೈಮರ್‌ನಲ್ಲೇ ಕಾರಿಗೆ ಬಿಗಿದೆವು. ಹೆಡ್‌ಲೈಟ್, ಬಂಪರ್, ಫೆಂಡರಿಗೂ ಬಾಡಿಗೂ ಮಧ್ಯದ ರಬ್ಬರ್ ಬೀಡಿಂಗ್ ಕೂಡ ಬಿಡಲಿಲ್ಲ. ಬೀಡಿಂಗ್ ಇಲ್ಲದೆ ಅಳೆದ ಗ್ಯಾಪ್ ಸುಳ್ಳು. ಬಾನೆಟ್ಟನ್ನು ಇಪ್ಪತ್ತು ಸಲ ತೆಗೆದು ಹಾಕಿದೆವು. ಆಮೇಲೆ ಎಲ್ಲ ಬಿಚ್ಚಿ ಪೇಂಟರ್‌ಗೆ ಕೊಟ್ಟೆವು. ಅವನು ಕೇಳಿದ, "ಈ ಸಲ ಕೂರಿಸಿ ನೋಡಿದ್ದೀರಾ ಅಣ್ಣಾ?" ನಕ್ಕೇ ಕೇಳಿದ. ನನಗೆ ಚುಚ್ಚಿತು.

ಮೊನ್ನೆ ಒಬ್ಬರು ಬಂದು ಗೋಡೆಯ ಮೇಲಿನ ಬಾನೆಟ್ ನೋಡಿ, "ಮಾರ್ತೀರಾ? ನನ್ನದು 1965ರ ಬೀಟಲ್" ಅಂದರು. ಎರಡು ವರ್ಷದಿಂದ ಕಾದಿದ್ದ ಗಿರಾಕಿ. ಮೇಸ್ತ್ರಿ ಆಗಲೇ ಏಣಿ ತರಲು ಹೊರಟಿದ್ದರು. ನಾನು ಅವರನ್ನು ತಡೆದು ಬಂದವರನ್ನು ಕೇಳಿದೆ: "ಪೆಟ್ರೋಲ್ ಎಲ್ಲಿಂದ ಹಾಕ್ತೀರಿ ಸಾರ್?"

"ಬಾನೆಟ್ ಎತ್ತಿ. ಯಾಕೆ?"

"ಏನಿಲ್ಲ. ಆದರೂ ಕಾರು ಇಲ್ಲಿಗೇ ತನ್ನಿ. ಕೂರಿಸಿ ನೋಡಿದ ಮೇಲೆ ದುಡ್ಡಿನ ಮಾತಾಡೋಣ."