ಅಶ್ಶೂರದವರ ಬಿಸಿ ತುಪ್ಪ

ನಮ್ಮ ಚರ್ಚಿನ ಭಾನುವಾರದ ತರಗತಿಯಲ್ಲಿ ಯೋನನ ಕಥೆ ಬಂದಾಗಲೆಲ್ಲ ಮಕ್ಕಳು ಮೀನಿನ ಬಗ್ಗೆ ಕೇಳುತ್ತಾರೆ. ಹೊರಗೆ ಕಾಯುತ್ತಾ ನಿಂತ ಅಪ್ಪ ಅಮ್ಮಂದಿರ ಪ್ರಶ್ನೆಯೇ ಬೇರೆ. "ಆ ಯೋನ ಹೋದ ನಿನೆವೆ, ಅಶ್ಶೂರದವರ ರಾಜಧಾನಿ, ಅಷ್ಟು ದೊಡ್ಡ ಊರಂತೆ, ಅಶ್ಶೂರದವರು ಅಂದ್ರೆ ಎಲ್ಲರೂ ನಡುಗ್ತಿದ್ರಂತೆ, ಅಂಥವರು ಹೇಗೆ ಒಂದೇ ಸಲಕ್ಕೆ ನೆಲ ಕಚ್ಚಿದರು?" ಕೆಲವರು ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ: ದೇವರ ಶಿಕ್ಷೆ, ಅಷ್ಟೇ. ಬೈಬಲಿನ ನಹೂಮನ ಪುಸ್ತಕ ಹೇಳುವುದೂ ಅದನ್ನೇ, ನನ್ನದೇನೂ ತಕರಾರಿಲ್ಲ. ಆದರೆ "ಹೇಗೆ" ಅಂತ ಕೇಳಿದವರಿಗೆ "ಯಾಕೆ" ಅಂತ ಹೇಳಿದರೆ ಆಗಲ್ಲ ಅಲ್ವಾ? ಬಾಗಿಲ ಹತ್ತಿರ ನಿಂತು ಹೇಳಿ ಮುಗಿಸುವ ವಿಷಯವೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಉತ್ತರ ಒಂದೇ ಮಾತು. ಬಾಬೆಲ್, ಅಂದರೆ ಅಶ್ಶೂರದ ದಕ್ಷಿಣಕ್ಕಿದ್ದ ಬ್ಯಾಬಿಲೋನ್ ಪಟ್ಟಣ. ನುಂಗೋಕೂ ಆಗದ, ಉಗುಳೋಕೂ ಆಗದ ಬಿಸಿ ತುಪ್ಪ ಅಂತೀವಲ್ಲ, ಅಶ್ಶೂರದವರ ಬಾಯಲ್ಲಿ ಬಾಬೆಲ್ ಹಾಗಿತ್ತು.

ಅವರು ಬೆಳೆದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. (ಇಲ್ಲಿ ಬರುವ ಹಳೇ ಇಸವಿಗಳೆಲ್ಲ ಕ್ರಿ.ಪೂ., ಅಂದರೆ ಎಣಿಕೆ ಇಳಿಯುತ್ತಾ ಹೋಗುತ್ತದೆ.) ಈಗಿನ ಇರಾಕಿನ ಉತ್ತರದಲ್ಲಿ, ಟೈಗ್ರಿಸ್ ನದಿಯ ದಡದಲ್ಲಿ ಅಶ್ಶೂರ್ ಅಂತ ಒಂದು ಊರು. ಊರಿನ ದೇವರ ಹೆಸರೂ ಅದೇ. ಮೊದಮೊದಲು ಇವರು ವ್ಯಾಪಾರಿಗಳು. 1900ರ ಹೊತ್ತಿಗೆ ಕತ್ತೆಗಳ ಮೇಲೆ ತವರ, ಬಟ್ಟೆ ಹೇರಿಕೊಂಡು ಈಗಿನ ಟರ್ಕಿಯವರೆಗೆ ಹೋಗಿ ಬೆಳ್ಳಿ ಬಂಗಾರ ತರುತ್ತಿದ್ದರು. ಯುದ್ಧದ ಚಾಳಿ ಆಮೇಲೆ ಹತ್ತಿದ್ದು. 745ರಲ್ಲಿ ಪಟ್ಟಕ್ಕೆ ಬಂದ ಮೂರನೇ ತಿಗ್ಲತ್ಪಿಲೆಸರ ಆಟದ ನಿಯಮವನ್ನೇ ಬದಲಾಯಿಸಿದ. ಕಪ್ಪ ಕೊಟ್ಟು ಸುಮ್ಮನಿದ್ದ ಸಣ್ಣ ಸಣ್ಣ ರಾಜ್ಯಗಳನ್ನು ಒಂದೊಂದಾಗಿ ಮುರಿದು ಪ್ರಾಂತ್ಯ ಮಾಡಿ, ತನ್ನ ಅಧಿಕಾರಿಗಳನ್ನು ಕೂರಿಸಿದ. ಎದುರು ನಿಂತ ಜನರನ್ನು ಊರುಬಿಡಿಸಿ ದೂರದ ನಾಡಿಗೆ ಸಾಗಿಸಿದ. 722ರ ಸುಮಾರಿಗೆ ರಾಜಧಾನಿ ಸಮಾರ್ಯ ಬಿದ್ದಾಗ ಇಸ್ರಾಯೇಲಿಗೂ ಅದೇ ಗತಿ. 27,290 ಜನರನ್ನು ಒಯ್ದೆ ಅಂತ ಅರಸ ಸರ್ಗೋನ ಲೆಕ್ಕ ಬರೆಸಿದ್ದಾನೆ. ನೋಡಿ, ಆ ಕೊನೆಯ ತೊಂಬತ್ತನ್ನೂ ಬಿಟ್ಟಿಲ್ಲ.

ಅವನ ಮಗ ಸನ್ಹೇರೀಬ. ಬೈಬಲ್ ಓದಿದವರಿಗೆ ಗೊತ್ತಿರುವ ಹೆಸರು. 701ರಲ್ಲಿ ಇಸ್ರಾಯೇಲಿನ ದಕ್ಷಿಣಕ್ಕಿದ್ದ ಯೆಹೂದ ರಾಜ್ಯದ ಲಾಕೀಷ್ ಪಟ್ಟಣವನ್ನು ಹಿಡಿದು, ಆ ಯುದ್ಧವನ್ನೆಲ್ಲ ನಿನೆವೆಯ ಅರಮನೆಯ ಗೋಡೆಗೆ ಕಲ್ಲಲ್ಲಿ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಫೋಟೊ ಸಿಕ್ಕರೆ ದೊಡ್ಡದು ಮಾಡಿ ನೋಡಿ. ಒಂದು ಕಡೆ ಕೋಟೆಗೆ ಬೆಂಕಿ, ಏಣಿ, ಬಿಲ್ಲುಗಾರರು. ಇನ್ನೊಂದು ಕಡೆ ಒಂದು ಎತ್ತಿನ ಗಾಡಿ ಊರು ಬಿಟ್ಟು ಹೊರಟಿದೆ, ಗಾಡಿ ತುಂಬ ಗಂಟುಮೂಟೆ, ಮೂಟೆಗಳ ಮೇಲೆ ಹೆಂಗಸರು ಮಕ್ಕಳು. ಎತ್ತಿನ ಪಕ್ಕೆಲುಬು ಎಣಿಸುವ ಹಾಗಿದೆ. ಕೆತ್ತಿದವನು ಗೆದ್ದವರ ಕಡೆಯವನು, ಆದರೂ ಆ ಎಲುಬುಗಳನ್ನು ಬಿಟ್ಟಿಲ್ಲ.

ಯೆಹೂದದ ರಾಜಧಾನಿ ಯೆರೂಸಲೇಮ್ ಮಾತ್ರ ಅವನ ಕೈಗೆ ಸಿಗಲಿಲ್ಲ. ಅಲ್ಲಿನ ಅರಸ ಹಿಜ್ಕೀಯನನ್ನು "ಪಂಜರದ ಹಕ್ಕಿಯ ಹಾಗೆ" ಕೂಡಿಹಾಕಿದೆ ಅಂತ ಬರೆಸಿಕೊಂಡ, ಪಂಜರ ಮುರಿದೆ ಅಂತ ಬರೆಸಲಿಲ್ಲ.

ಈಗ ಬಾಬೆಲ್‌ಗೆ ಬರೋಣ. ಹಿಜ್ಕೀಯ ತನ್ನ ಖಜಾನೆಯನ್ನೆಲ್ಲ ತೆರೆದು ತೋರಿಸಿದ್ದು ಯಾರಿಗೆ, ನೆನಪಿದೆಯಾ? ಬಾಬೆಲಿನ ಅರಸ ಮೆರೋದಕ ಬಲದಾನ ಕಳಿಸಿದ ದೂತರಿಗೆ. ಈ ಬಲದಾನ ಅಶ್ಶೂರದವರ ನಿದ್ದೆ ಕೆಡಿಸಿದ ಆಸಾಮಿ. ಸೋತು ಜೌಗು ನೆಲದೊಳಗೆ ಓಡಿಹೋಗುವುದು, ಸಮಯ ನೋಡಿ ಮತ್ತೆ ಬಂದು ಗದ್ದುಗೆ ಹತ್ತುವುದು. ಬೇರೆ ಊರಾಗಿದ್ದರೆ ಅಶ್ಶೂರದವರು ಎಂದೋ ನೆಲಸಮ ಮಾಡಿರುತ್ತಿದ್ದರು. ಬಾಬೆಲ್ ಮೇಲೆ ಅಷ್ಟು ಸುಲಭವಾಗಿ ಕೈಯೆತ್ತುವ ಹಾಗಿರಲಿಲ್ಲ. ಅದು ಹಳೇ ದೊಡ್ಡ ಮನೆತನ ಇದ್ದ ಹಾಗೆ. ಅಶ್ಶೂರದವರ ಕಾವ್ಯ, ಜ್ಯೋತಿಷ್ಯ, ಶಾಸ್ತ್ರ ಎಲ್ಲದಕ್ಕೂ ಅಲ್ಲಿಯದೇ ಬೇರು, ಅಲ್ಲಿನ ಮರ್ದೂಕ ದೇವರಿಗೆ ಇವರೂ ಕೈಮುಗಿಯುತ್ತಿದ್ದರು.

ಸನ್ಹೇರೀಬ ತನ್ನ ಹಿರಿಮಗನನ್ನೇ ಅಲ್ಲಿ ಅರಸನಾಗಿ ಕೂರಿಸಿದ. ಬಾಬೆಲಿನವರು ಅವನನ್ನು ಹಿಡಿದು, ಪೂರ್ವದ ಏಲಾಮ್ ರಾಜ್ಯದವರಿಗೆ ಒಪ್ಪಿಸಿಬಿಟ್ಟರು. ಹುಡುಗ ತಿರುಗಿ ಬರಲೇ ಇಲ್ಲ. ಅಪ್ಪನ ಸಿಟ್ಟು 689ರಲ್ಲಿ ಒಡೆಯಿತು: ಊರು ಸುಟ್ಟು, ಗುಡಿ ಕೆಡವಿ, ಕಾಲುವೆ ನೀರು ಹರಿಸಿ ಕೊಚ್ಚಿಸಿದ. ಎಂಟು ವರ್ಷಕ್ಕೆ ಅವನನ್ನು ಅವನ ಮಕ್ಕಳೇ ಕೊಂದರು.

ಆಮೇಲೆ ಬಂದ ಮಗ ಏಸರ್‌ಹದ್ದೋನನಿಗೆ ಬಾಬೆಲ್ ಮತ್ತೆ ಕಟ್ಟಬೇಕಿತ್ತು. ತೊಡಕೇನೆಂದರೆ, ಊರು 70 ವರ್ಷ ಹಾಳು ಬೀಳಲಿ ಅಂತ ಮರ್ದೂಕನೇ ಬರೆದಿದ್ದಾನೆ ಅಂತ ನಂಬಿಕೆ. ಆಗ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಅವರ ಲಿಪಿಯಲ್ಲಿ ಒಂದಕ್ಕೂ ಅರವತ್ತಕ್ಕೂ ಒಂದೇ ನೆಟ್ಟಗಿನ ಗುರುತು, ಹತ್ತಕ್ಕೆ ಒಂದು ಮೂಲೆಯ ಗುರುತು. ನೆಟ್ಟಗಿನದು ಮೊದಲು ಬಂದರೆ ಅರವತ್ತು ಹತ್ತು, ಎಪ್ಪತ್ತು. ಅದನ್ನೇ ಹಿಂದುಮುಂದು ಮಾಡಿದರೆ ಹತ್ತು ಒಂದು, ಹನ್ನೊಂದು! ದೇವರಿಗೆ ಕರುಣೆ ಬಂದು ಅಂಕಿ ತಿರುಗಿಸಿದ ಅಂತ ಅರಸ ಶಾಸನದಲ್ಲೇ ಬರೆಸಿದ, ಕೆಲಸ ಶುರುವಾಯಿತು.

ಇದೇ ಏಸರ್‌ಹದ್ದೋನ 671ರಲ್ಲಿ ಈಜಿಪ್ಟನ್ನೂ ಗೆದ್ದ. ಹೊರಗಿನಿಂದ ನೋಡಿದವರಿಗೆ ಅಶ್ಶೂರದ ವೈಭವ ಅಂದರೆ ಇದು. ಆದರೆ ಸಾಯುವ ಮೊದಲು ಒಂದು ಎಡವಟ್ಟು ಮಾಡಿದ, ನಾನಾದರೆ ದೊಡ್ಡ ತಪ್ಪು ಅನ್ನುವುದು ಇದನ್ನೇ: ನಿನೆವೆಯ ಗದ್ದುಗೆ ಅಶ್ಶೂರ್ಬನಿಪಾಲನಿಗೆ, ಬಾಬೆಲ್ ಅವನ ಅಣ್ಣನಿಗೆ. ತಮ್ಮ ಮೇಲೆ, ಅಣ್ಣ ಕೆಳಗೆ. ಎಷ್ಟು ದಿನ ನಡೆದೀತು? 652ರಲ್ಲಿ ಅಣ್ಣ ತಿರುಗಿಬಿದ್ದ. ನಾಲ್ಕು ವರ್ಷದ ಯುದ್ಧ, ಮುತ್ತಿಗೆ, ಬರ. ಕೊನೆಗೆ ಅಣ್ಣ ಬೆಂಕಿಯಲ್ಲಿ ಸತ್ತ. ಗೆದ್ದ ತಮ್ಮ ಅಷ್ಟಕ್ಕೇ ನಿಲ್ಲದೆ, ಅಣ್ಣನಿಗೆ ಸಹಾಯ ಮಾಡಿದ ಏಲಾಮಿನ ಮೇಲೆ ಬಿದ್ದು, ಅದರ ರಾಜಧಾನಿ ಸೂಸಾವನ್ನು ದೋಚಿ ಹಾಳುಮಾಡಿದ. ಸಾವಿರಾರು ಮಣ್ಣಿನ ಹಲಗೆಗಳ ಗ್ರಂಥಾಲಯ ಕೂಡಿಸಿದವನೂ ಇವನೇ, ಗಿಲ್ಗಮೆಶ ಅನ್ನುವ ಅರಸನ ಹಳೇ ಕಾವ್ಯ ನಮಗೆ ಸಿಕ್ಕಿದ್ದು ಹೆಚ್ಚಾಗಿ ಅಲ್ಲಿಂದ. ಓದು ಬಲ್ಲ ಅರಸ, ಸಿಟ್ಟು ಮಾತ್ರ ಅಜ್ಜನದು.

ಅವನು ಸತ್ತ ಮೇಲೆ ಅರಮನೆಯಲ್ಲಿ ಗದ್ದುಗೆಗೆ ಕಿತ್ತಾಟ. 626ರಲ್ಲಿ ನಬೊಪೊಲಸ್ಸರ್ ಅನ್ನುವವನು ಬಾಬೆಲಿನ ಅರಸನಾದ. ಈ ಸಲ ಅವನನ್ನು ಇಳಿಸೋಕೆ ಅಶ್ಶೂರದವರಿಂದ ಆಗಲಿಲ್ಲ. ಪೂರ್ವದ ಬೆಟ್ಟಗಳಿಂದ ಮೇದ್ಯರು ಇಳಿದು ಬಂದರು. 614ರಲ್ಲಿ ಅವರು ಅಶ್ಶೂರ್ ಪಟ್ಟಣವನ್ನು ಹಿಡಿದರು, ದೇವರ ಊರೇ ಹೋಯಿತು. ಬಾಬೆಲಿನ ಸೈನ್ಯ ಬರುವಷ್ಟರಲ್ಲಿ ಲೂಟಿ ಮುಗಿದಿತ್ತು, ಆ ಹಾಳಿನ ಹತ್ತಿರವೇ ಇಬ್ಬರೂ ಒಪ್ಪಂದ ಮಾಡಿಕೊಂಡರು. 612ರಲ್ಲಿ ಇಬ್ಬರೂ ಸೇರಿ ನಿನೆವೆಗೆ ಮುತ್ತಿಗೆ ಹಾಕಿದರು. ಮೂರೇ ತಿಂಗಳು. ಅಳಿದುಳಿದ ಅಶ್ಶೂರದವರು ಪಶ್ಚಿಮದ ಹಾರಾನ್ ಪಟ್ಟಣದಲ್ಲಿ ಒಂದಷ್ಟು ದಿನ ನಿಂತರು. ಅವರ ಸಹಾಯಕ್ಕೆ ಓಡಿ ಬಂದವನು ಯಾರು ಗೊತ್ತಾ? ಈಜಿಪ್ಟಿನ ಫರೋಹ ನೆಕೋ! ದಾರಿಯಲ್ಲಿ, ಮೆಗಿದ್ದೋದಲ್ಲಿ, ಯೆಹೂದದ ಅರಸ ಯೋಷೀಯ ಅವನ ಕೈಯಲ್ಲಿ ಸತ್ತ. 609ಕ್ಕೆ ಎಲ್ಲ ಮುಗಿಯಿತು.

ನಿನೆವೆ ಬಿದ್ದಿದ್ದಕ್ಕೆ ಯೆಹೂದದವರಿಗೆ ಖುಷಿಯೋ ಖುಷಿ. ಆದರೆ ಆ ನಬೊಪೊಲಸ್ಸರನ ಮಗನೇ ನೆಬೂಕದ್ನೆಚ್ಚರ. ಯೆರೂಸಲೇಮಿನ ದೇವಾಲಯ ಸುಟ್ಟವನು.

ಇನ್ನೊಂದು ಬಿಟ್ಟಿದ್ದೆ. ಲಾಕೀಷಿನ ಆ ಕಲ್ಲಿನಲ್ಲಿ ಸನ್ಹೇರೀಬ ಸಿಂಹಾಸನದ ಮೇಲೆ ಕೂತು ಸೆರೆಯಾಳುಗಳನ್ನು ನೋಡುತ್ತಿದ್ದಾನೆ. ಬಟ್ಟೆಯ ಅಂಚು, ಸಿಂಹಾಸನದ ಕುಸುರಿ ಎಲ್ಲ ಹಾಗೇ ಇದೆ. ಮುಖವನ್ನು ಮಾತ್ರ ಯಾರೋ ಜಜ್ಜಿ ಹಾಕಿದ್ದಾರೆ. ನಿನೆವೆ ಬಿದ್ದ ದಿನ ಒಳಗೆ ನುಗ್ಗಿದವರ ಕೆಲಸವೇ ಇರಬೇಕು ಅನ್ನುತ್ತಾರೆ. ಪಕ್ಕದ ಎತ್ತಿನ ಗಾಡಿಯನ್ನು ಅವರು ಮುಟ್ಟಿಲ್ಲ.