ಮೊದಲ ಪ್ಲಾಸ್ಟಿಕ್ ಕವರ್

ಮೀನಿನ ಕವರ್ ತೊಳೀತಾ ಇದ್ದೆ. ಮಗಳು ಕೇಳಿದ್ಲು, "ಅಮ್ಮಾ, ಸಮುದ್ರಕ್ಕೆ ಮೊದಲ್ನೇ ಕವರ್ ಯಾವಾಗ ಬಿತ್ತು?"

ಅದು ಯಾರಿಗೆ ಗೊತ್ತಿರತ್ತೆ ಅಂತ ಸುಮ್ಮನಾಗಿಸಿದೆ. ಆಮೇಲೆ ಹುಡುಕಿದ್ರೆ, ಹತ್ತಿರದ ಉತ್ತರ ಒಂದು ಇದೆ ಮಾರಾಯ್ರೆ!

ಸರಕು ಹಡಗುಗಳ ಹಿಂದೆ ಎಳ್ಕೊಂಡು ಹೋಗೋ ಒಂದು ಯಂತ್ರ. 1931ರಿಂದ ಅಟ್ಲಾಂಟಿಕ್ ಕಡೆ ಓಡ್ತಾ ಇದೆ. ಕೆಲಸ ಪ್ಲಾಂಕ್ಟನ್, ಅಂದ್ರೆ ನೀರಲ್ಲಿ ತೇಲೋ ಪುಟ್ಟ ಪುಟ್ಟ ಜೀವಿಗಳನ್ನ ಹಿಡಿಯೋದು. ಒಳಗೆ ರೇಷ್ಮೆ ಬಟ್ಟೆಯ ಪಟ್ಟಿ, ನಮ್ಮ ಸೀರೆಯ ರೇಷ್ಮೆನೇ! ನೀರು ನುಗ್ಗಿದ ಹಾಗೆ ಪಟ್ಟಿ ಸುತ್ತಿಕೊಳ್ಳತ್ತೆ, ಆ ಪುಟ್ಟ ಜೀವಿಗಳು ಅದರಲ್ಲಿ ಅಂಟಿಕೊಳ್ಳುತ್ತವೆ.

ಯಂತ್ರಕ್ಕೆ ಏನಾದ್ರೂ ಸಿಕ್ಕಿಹಾಕಿಕೊಂಡ್ರೆ ಲಾಗ್ ಪುಸ್ತಕದಲ್ಲಿ ಬರೆದಿಡ್ತಿದ್ರು. 1957, ಐಸ್‌ಲ್ಯಾಂಡ್ ಹತ್ತಿರ, ಬಲೆಯ ಹುರಿ. 1965, ಐರ್ಲೆಂಡ್ ಹತ್ತಿರ, ಪ್ಲಾಸ್ಟಿಕ್ ಕವರ್. ಬಿದ್ದದ್ದರಲ್ಲಿ ಮೊದಲ್ನೇದು ಅಲ್ಲದೇ ಇರಬಹುದು, ಬರೆದಿಟ್ಟದ್ದರಲ್ಲಿ ಬಹಳ ಹಳೇದು.

ಇನ್ನೊಂದು. ಆ ಹಳೇ ರೇಷ್ಮೆ ಪಟ್ಟಿಗಳನ್ನು ಯಾರೂ ಬಿಸಾಕಿರಲಿಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಜೊತೆಯವರು ಅವನ್ನೇ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ರು. 1960ರ ದಶಕದ ಪಟ್ಟಿಯಲ್ಲೇ ಪ್ಲಾಸ್ಟಿಕ್ ಎಳೆಗಳು, ಆಮೇಲಿನವುಗಳಲ್ಲಿ ಇನ್ನೂ ಜಾಸ್ತಿ. 2004ರಲ್ಲಿ ಪ್ರಕಟಿಸಿದ್ರು. ಇಂಥ ಸಣ್ಣ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಅನ್ನೋ ಮಾತು ಎಲ್ಲರ ಬಾಯಿಗೆ ಬಂದದ್ದು ಆಮೇಲೆ.

ನಂಗೆ ಅಚ್ಚರಿ ಪ್ಲಾಸ್ಟಿಕ್ಕಿನದಲ್ಲ. ಯಾವ ಉಪಯೋಗಕ್ಕೆ ಅಂತ ಗೊತ್ತಿಲ್ಲದೇನೇ ಅಷ್ಟು ವರ್ಷ ಬಟ್ಟೆ ಸುರುಳಿ ಜೋಪಾನ ಮಾಡಿದವರದ್ದು. ನಮ್ಮನೇಲಿ ಹೋದ ವರ್ಷದ ಕರೆಂಟ್ ಬಿಲ್ ಸಿಗಲ್ಲ.

ಮಗಳಿಗೆ "1965" ಅಂದೆ. "ಅಜ್ಜಿ ಹುಟ್ಟಿದ್ರಾ ಆಗ?" ಅಂತ ಅಜ್ಜಿಗೆ ಫೋನ್ ಹಚ್ಚೋಕೆ ಓಡಿದ್ಲು.